ಕಾಲೊರಸಾದ ಗಾಲ್ಫ್ ಚರಿತ್ರೆ

ನಮ್ಮ ಮನೆಗೆ ಬರುವವರಲ್ಲಿ ಈಗೀಗ ಒಂದು ವಿನಂತಿ ಮಾಡಿಕೊಳ್ಳುತ್ತಿದ್ದೇನೆ. ಬಾಗಿಲ ಮುಂದೆ ಪ್ಲಾಸ್ಟಿಕ್ ಹುಲ್ಲಿನ ಹಸಿರು ತುಂಡೊಂದು ಬಿದ್ದಿದೆ. ದಯವಿಟ್ಟು ಅದರ ಮೇಲೆ ಕಾಲು ಒರೆಸಿ. ಶಾಸ್ತ್ರಕ್ಕೆ ಒಮ್ಮೆ ತಾಗಿಸಿ ಒಳಗೆ ಬಂದರೆ ಸಾಲದು, ನಿಂತು ತಿಕ್ಕಿ. ಚಪ್ಪಲಿ ಹಾಕಿಕೊಂಡೇ ತಿಕ್ಕಿದರೆ ಇನ್ನೂ ಉಪಕಾರ. ಯಾರ ಮೇಲಾದರೂ ಸಿಟ್ಟಿದ್ದರೆ ಅದನ್ನೂ ಅಲ್ಲೇ ತೀರಿಸಿಕೊಳ್ಳಬಹುದು. ಯಾಕೆಂದರೆ ಅದು ಬರೀ ಕಾಲೊರಸು ಅಲ್ಲ, ಗಾಲ್ಫ್ ಆಟದ ಚರಿತ್ರೆ. ಮೊನ್ನೆ ಮೊನ್ನೆ ಗೋದಾಮಿನಿಂದ ಬಂದ ಹೊಚ್ಚ ಹೊಸ ಚರಿತ್ರೆ. ಬೇಗ ಹಳತಾಗಬೇಕು ಎಂದು ಅದಕ್ಕೆ ಮೇಲಿನಿಂದ ಹುಕುಂ ಆಗಿದೆ.

"ಹಳತನ್ನು ಹೊಸತು ಮಾಡುವವರನ್ನು ನೋಡಿದ್ದೆ. ಹೊಸತನ್ನು ಹಳತು ಮಾಡ್ಲಿಕ್ಕೆ ಸಂಬಳ ಕೊಡುವವರನ್ನು ಇಲ್ಲಿಯೇ ನೋಡಿದ್ದು" ಎನ್ನುತ್ತಾಳೆ ನನ್ನ ಹೆಂಡತಿ ಜುಬೈದ. ಅವಳು ಅದರ ಮೇಲೆ ಮೀನು ತೊಳೆದ ನೀರನ್ನೂ ಚೆಲ್ಲಿ ನೋಡಿದ್ದಾಳೆ. ವಾಸನೆ ಬಂತು, ವಯಸ್ಸು ಬರಲಿಲ್ಲ.

ಇದೆಲ್ಲ ಹೇಗಾಯಿತು ಎಂದು ತಿಳಿಯಬೇಕಾದರೆ ಮೊದಲು ನನ್ನ ಕೆಲಸ ಏನೆಂದು ಹೇಳಬೇಕು. ಅದನ್ನು ಹೇಳುವುದೇ ನನಗೊಂದು ತಲೆನೋವು. ಸೌದಿಯ ಕೆಂಪು ಸಮುದ್ರದ ದಂಡೆಯಲ್ಲಿ, ತಬೂಕ್ ನಗರದಿಂದ ಕಾರಿನಲ್ಲಿ ಸೊಂಟ ಹಿಡಿದುಕೊಳ್ಳುವಷ್ಟು ದೂರದಲ್ಲಿ, ಒಂದು ಹೊಸ ರೆಸಾರ್ಟ್ ಊರು ಎದ್ದಿದೆ. ಹೋಟೆಲುಗಳು, ದೋಣಿಗಳು, ನಡುವೆ ಒಂದು ಗಾಲ್ಫ್ ಮೈದಾನ. ಆ ಮೈದಾನದ ಸ್ಟೋರ್‌ಕೀಪರ್ ನಾನು. ಹುಲ್ಲಿಗೆ ನೀರು ಚಿಮುಕಿಸುವ ಪೈಪು, ಅದರ ಮೂತಿ, ಗೊಬ್ಬರದ ಚೀಲ, ಹುಲ್ಲು ಕತ್ತರಿಸುವ ಯಂತ್ರದ ಅಲಗು, ಎಲ್ಲದರ ಬೀಗದ ಕೈ ನನ್ನಲ್ಲಿ. ರಜೆಯಲ್ಲಿ ಸುರತ್ಕಲ್ ಪಕ್ಕದ ನಮ್ಮೂರಿಗೆ ಹೋದರೆ ಮಸೀದಿಯ ಮೆಟ್ಟಿಲಲ್ಲೇ ವಿಚಾರಣೆ ಶುರುವಾಗುತ್ತದೆ.

"ಹಮೀದ್, ನೀನೀಗ ಎಂತ ಮಾಡುದು ಅಲ್ಲಿ?"

"ಹುಲ್ಲು ಬೆಳೆಸುವಲ್ಲಿ ಕೆಲಸ."

"ಮಾಶಾಅಲ್ಲಾ. ದನಗಳು ಎಷ್ಟುಂಟು?"

"ದನ ಇಲ್ಲ."

"ಆಡಾ?"

"ಆಡೂ ಇಲ್ಲ. ಅದರ ಮೇಲೆ ಚೆಂಡು ಹೊಡೆಯುದು."

ಕೇಳಿದವರು ನನ್ನ ಮುಖವನ್ನೇ ನೋಡಿ, ಪಾಪ, ಬಿಸಿಲಿಗೆ ತಲೆಗೆ ಏನೋ ಆಗಿದೆ ಎಂಬಂತೆ ಭುಜ ತಟ್ಟಿ ಹೋಗುತ್ತಾರೆ. ಅವರದ್ದು ತಪ್ಪೆಂದು ನನಗೂ ಅನಿಸುವುದಿಲ್ಲ. ಮಳೆಯೇ ಬಾರದ ಊರಿನಲ್ಲಿ ಸಮುದ್ರದ ಉಪ್ಪು ತೆಗೆದು, ಆ ಸಿಹಿನೀರನ್ನು ಹುಲ್ಲಿಗೆ ಕುಡಿಸಿ, ಹುಲ್ಲು ಮೊಳೆತ ಕೂಡಲೇ ಕತ್ತರಿಸಿ, ಮತ್ತೆ ನೀರು ಕುಡಿಸುವ ಈ ಕೆಲಸಕ್ಕೆ ಅರ್ಥ ಹುಡುಕಿ ಹುಡುಕಿ ನಾನೇ ಸೋತಿದ್ದೇನೆ. ಇಲ್ಲಿ ಹುಲ್ಲಿಗೆ ಒಂದು ಹಳದಿ ಚುಕ್ಕೆ ಬಂದರೆ ನೋಡಲು ವಿಮಾನದಲ್ಲಿ ತಜ್ಞರು ಬರುತ್ತಾರೆ. ನನಗೆ ಜ್ವರ ಬಂದರೆ ನಾನೇ ತಬೂಕಿಗೆ ಹೋಗಬೇಕು.

ನಮ್ಮ ಬಾಲ್ಯದಲ್ಲಿ ಹುಲ್ಲಿಗೆ ಇಷ್ಟು ಮರ್ಯಾದೆ ಇರಲಿಲ್ಲ. ಶಾಲೆ ಬಿಟ್ಟು ಬಂದ ಕೂಡಲೇ ಉಮ್ಮ ಕೈಗೆ ಕತ್ತಿ ಕೊಟ್ಟು ಆಡಿಗೆ ಹುಲ್ಲು ತರಲು ಅಟ್ಟುತ್ತಿದ್ದರು. ನಾವು ಕತ್ತಿಯನ್ನು ಬೇಲಿಗೆ ಸಿಕ್ಕಿಸಿ, ತೆಂಗಿನ ಕೊತ್ತಳಿಗೆಯನ್ನು ಬ್ಯಾಟು ಮಾಡಿಕೊಂಡು ಕ್ರಿಕೆಟ್ ಆಡಿ, ಕತ್ತಲಾಗುವಾಗ ಕೈಗೆ ಸಿಕ್ಕಿದ ನಾಲ್ಕು ಕಡ್ಡಿ ಕಿತ್ತುಕೊಂಡು ಮನೆಗೆ ಓಡುತ್ತಿದ್ದೆವು. ಆಡು ಅದನ್ನು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. "ಹುಲ್ಲು ತರ್ಲಿಕ್ಕೆ ಆಗದವ ನೀನು, ಮುಂದೆ ಎಂತ ಮಾಡಿ ಬದುಕ್ತೀ?" ಎಂದು ಉಮ್ಮ ಕೇಳುತ್ತಿದ್ದರು. ಉಮ್ಮ ಈಗಿಲ್ಲ. ಇದ್ದಿದ್ದರೆ, ಅದರಲ್ಲೇ ಬದುಕುತ್ತಿದ್ದೇನೆ ಎಂದು ಹೇಳಿ ಬೈಸಿಕೊಳ್ಳಬಹುದಿತ್ತು.

ಒಂದು ಮಾತನ್ನು ಮಾತ್ರ ಒಪ್ಪಬೇಕು. ಸಂಜೆ ಹುಲ್ಲು ಕತ್ತರಿಸಿ ಹೋದ ಮೇಲೆ ಸಮುದ್ರದ ಗಾಳಿಯ ಜೊತೆ ಒಂದು ಪರಿಮಳ ಏಳುತ್ತದೆ. ಉಮ್ಮನ ತಲೆಯ ಮೇಲಿನ ಹುಲ್ಲಿನ ಹೊರೆಯದ್ದೇ ಪರಿಮಳ. ಆ ಹೊತ್ತಿಗೆ ನಾನು ಸ್ಟೋರಿನ ಬಾಗಿಲು ಹಾಕಿ ಸುಮ್ಮನೆ ಸ್ವಲ್ಪ ನಿಲ್ಲುತ್ತೇನೆ. ಗಾಲ್ಫಿನಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಆದರೆ ನಾನು ಗಾಲ್ಫ್ ಎಂಬುದನ್ನು ಮೊದಲು ನೋಡಿದ್ದು ಹುಲ್ಲಿನ ಮೇಲಲ್ಲ. ದಹ್ರಾನ್ ಕಡೆ, ನಾನು ಮೊದಲು ಕೆಲಸಕ್ಕಿದ್ದ, ಎಣ್ಣೆ ಕಂಪೆನಿಗಳ ಬೇಲಿ ಹಾಕಿದ ಕ್ಯಾಂಪೊಂದರಲ್ಲಿ, ಮರಳಿನ ಮೇಲೆ. ಅಲ್ಲಿಗೆ ಬಂದ ಇಂಜಿನಿಯರುಗಳಿಗೆ ಗಾಲ್ಫ್ ಇಲ್ಲದೆ ಆಗುವುದಿಲ್ಲ, ಮರುಭೂಮಿಗೆ ಹುಲ್ಲು ಆಗುವುದಿಲ್ಲ. ಹಾಗಾಗಿ ಅವರು ಮರಳಿನ ಮೇಲೇ ಮೈದಾನ ಮಾಡಿಕೊಂಡಿದ್ದರು. ಚೆಂಡು ಉರುಳಿ ಕುಳಿಗೆ ಬೀಳುವ ಜಾಗವಿದೆಯಲ್ಲ, ಎಲ್ಲೆಡೆ ಅದನ್ನು ಗ್ರೀನ್ ಎನ್ನುತ್ತಾರೆ. ನಮ್ಮ ಕ್ಯಾಂಪಿನಲ್ಲಿ ಅದರ ಹೆಸರು ಬ್ರೌನ್. ಮರಳಿಗೆ ಎಣ್ಣೆ ಕಲಸಿ, ಉರುಳೆ ಹಾಯಿಸಿ, ಸೆಗಣಿ ಸಾರಿಸಿದ ಅಂಗಳದ ಹಾಗೆ ನುಣ್ಣಗೆ ಮಾಡಿದ ಒಂದು ವೃತ್ತ. ಆಟಗಾರರೆಲ್ಲ ಕಂಕುಳಲ್ಲಿ ಪ್ಲಾಸ್ಟಿಕ್ ಹುಲ್ಲಿನ ಒಂದೊಂದು ತುಂಡು ಇಟ್ಟುಕೊಂಡು ತಿರುಗುತ್ತಿದ್ದರು. ಚೆಂಡು ಮರಳಿನಲ್ಲಿ ಎಲ್ಲಿ ಬಿತ್ತೋ ಅಲ್ಲಿ ಆ ಮ್ಯಾಟ್ ಹಾಸಿ, ಚೆಂಡನ್ನು ಅದರ ಮೇಲೆ ಕೂರಿಸಿ ಹೊಡೆಯಬೇಕು. ಮೊದಲ ದಿನ ದೂರದಿಂದ ನೋಡಿದ ನನಗೆ, ನಮಾಝಿಗೆ ಜಾಗ ಸಿಗದೆ ಮುಸಲ್ಲಾ ಚಾಪೆ ಹಿಡಿದುಕೊಂಡು ಅಲೆಯುವವರ ಹಾಗೆ ಕಂಡಿದ್ದರು.

ಆ ಬ್ರೌನುಗಳನ್ನು ನೋಡಿಕೊಳ್ಳುತ್ತಿದ್ದವರು ಮೋನಾಕ. ಉಳ್ಳಾಲದವರು, ನನಗಿಂತ ಬಹಳ ಹಿರಿಯರು, ಬಾಯಿ ಜೋರು. ಮುಂಜಾನೆ ಎಣ್ಣೆ ಹಾಕಿ ಉರುಳೆ ಎಳೆಯುವುದು ಅವರ ಕೆಲಸ. ಅವರ ಅಂಗಿ, ಟೋಪಿ, ಹಾಸಿಗೆ, ಕೊನೆಗೆ ಅವರು ಬೇಯಿಸಿದ ತುಪ್ಪದ ಅನ್ನ ಕೂಡ ಆ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಅವರ ಕಾನೂನು ಒಂದೇ. ಚೆಂಡು ಕುಳಿಗೆ ಬಿದ್ದ ಮೇಲೆ, ಕೊನೆಗೆ ಹೋಗುವವನು ಅಲ್ಲಿಟ್ಟ ಅಗಲದ ಹಲಗೆಯನ್ನು ಎಳೆದು ಎಲ್ಲರ ಹೆಜ್ಜೆಗುರುತು ಅಳಿಸಿ ಹೋಗಬೇಕು. ಅಳಿಸದೆ ಹೋದರೆ ದೊಡ್ಡ ಸಾಹೇಬರಾದರೂ ಸರಿ, ಮೋನಾಕ ಹಿಂದಿನಿಂದ ಚಪ್ಪಾಳೆ ತಟ್ಟಿ ಕರೆದು ಹಲಗೆ ತೋರಿಸುತ್ತಿದ್ದರು. ನಾವಿಬ್ಬರೂ ಇದ್ದ ಕೋಣೆಯಲ್ಲೂ ಅದೇ ಕಥೆ. ನಾನು ಅವರ ಹಾಸಿಗೆಯ ಅಂಚಿನಲ್ಲಿ ಕೂತು ಎದ್ದರೆ, "ಗುರುತು ಅಳಿಸು ಮಾರಾಯ" ಎಂದು ಚಾದರ ತೋರಿಸುವರು. ಈ ಪೀಡೆಯಿಂದ ನನಗೂ ಆ ಚಾಳಿ ಅಂಟಿಕೊಂಡಿದೆ. ಈಗಲೂ ಎಲ್ಲಿ ಕೂತು ಎದ್ದರೂ ಕೈ ತಾನಾಗಿ ಹಿಂದೆ ಹೋಗಿ ಸವರುತ್ತದೆ. ನೆಂಟರ ಮನೆಯ ಸೋಫಾವನ್ನು ನಾನು ಹೀಗೆ ಸವರುವುದನ್ನು ಕಂಡರೆ ಜುಬೈದಳಿಗೆ ಮೈಯೆಲ್ಲ ಉರಿಯುತ್ತದೆ.

ಈ ರೆಸಾರ್ಟಿನಲ್ಲಿ ಕೆಲಸ ಸಿಕ್ಕಿ ನಾನು ದಹ್ರಾನ್ ಬಿಡುವಾಗ ಮೋನಾಕ ನನಗೊಂದು ಮ್ಯಾಟ್ ಕೊಟ್ಟರು. ನಿವೃತ್ತನಾಗಿ ಹೋಗುವಾಗ ಒಬ್ಬ ಇಂಜಿನಿಯರ್ ಅವರಿಗೆ ಬಿಟ್ಟುಹೋದದ್ದಂತೆ. ಹೊಡೆತ ತಿಂದು ತಿಂದು ನಡುವೆ ಹುಲ್ಲೆಲ್ಲ ಉದುರಿ ಬೋಳಾಗಿತ್ತು. "ಜಾಗ್ರತೆ ಮಾಡು, ಇದು ಸಿಗುವ ವಸ್ತು ಅಲ್ಲ" ಎಂದಿದ್ದರು. ಜಾಗ್ರತೆ ಮಾಡಿದ್ದೆ. ಊರಿನಿಂದ ಬಂದ ಜುಬೈದ ಮೊದಲ ದಿನವೇ ಅದನ್ನು ಪೆಟ್ಟಿಗೆಯಿಂದ ತೆಗೆದು ಬಾಗಿಲಿಗೆ ಹಾಕಿದಳು. ನಾನು ಚರಿತ್ರೆ ಹೇಳಿದೆ. "ಕಾಲು ಒರೆಸ್ಲಿಕ್ಕೆ ಒಳ್ಳೆದುಂಟು" ಎಂದಳು. ಅಲ್ಲಿಗೆ ಮುಗಿಯಿತು.

ಹೀಗೆ ಅದು ತನ್ನ ಪಾಡಿಗೆ ಬಿದ್ದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ರೆಸಾರ್ಟಿಗೆ ಒಂದು ಚರಿತ್ರೆ ಬೇಕಾಯಿತು. ನಿನ್ನೆ ಮೊನ್ನೆ ಹುಟ್ಟಿದ ಊರು ಇದು. ಸಿಮೆಂಟಿನ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಮಾತಿದೆ. ಇವರು ಹುಟ್ಟಿದ ಕೂಸಿನ ತಲೆಗೆ ನರೆಗೂದಲು ಅಂಟಿಸಲು ಹೊರಟರು. ಕ್ಲಬ್‌ಹೌಸಿನ ಒಂದು ಗೋಡೆಯನ್ನು ಅದಕ್ಕೆಂದೇ ಖಾಲಿ ಬಿಟ್ಟಿದ್ದರು. ಅದನ್ನು ತುಂಬಿಸುವ ಜವಾಬ್ದಾರಿ ರೀಮ್ ಎಂಬ ಸೌದಿ ಹುಡುಗಿಯದ್ದು. ಜೆದ್ದಾದವಳು, ಓದಿದವಳು, ನಗುಮುಖದವಳು. ಯಾರು ಏನು ಹೇಳಿದರೂ "ವಾವ್, ಇದೊಂದು ಕಥೆ" ಎನ್ನುವುದು ಅವಳ ಅಭ್ಯಾಸ. ಪೈಪು ಒಡೆದದ್ದನ್ನು ಹೇಳಿದರೂ ಹಾಗೆಯೇ.

"ಮಿಸ್ಟರ್ ಹಮೀದ್, ನೀವು ದಹ್ರಾನಿನಲ್ಲಿ ಮರಳಿನ ಗಾಲ್ಫ್ ನೋಡಿದ್ದೀರಂತೆ. ನಮ್ಮ ಗೋಡೆಗೆ ಬರೆದುಕೊಡಿ" ಎಂದಳು.

ನಾನು ಎರಡು ಶುಕ್ರವಾರದ ನಿದ್ದೆ ಬಿಟ್ಟು ಬರೆದುಕೊಟ್ಟೆ. ಅವಳು ಎಣ್ಣೆ ಇದ್ದ ಸಾಲುಗಳನ್ನೆಲ್ಲ ಹೊಡೆದುಹಾಕಿದಳು. ನಮ್ಮದು ಪರಿಸರಸ್ನೇಹಿ ತಾಣ, ಎಣ್ಣೆಯ ಮಾತು ಬೇಡ ಎಂದಳು. ಎಣ್ಣೆ ತೆಗೆದರೆ ಬ್ರೌನಿನಲ್ಲಿ ಉಳಿಯುವುದು ಬರೀ ಮರಳು. ಆಮೇಲೆ ಬೇಲಿ ಹಾಕಿದ ಕ್ಯಾಂಪು ಎಂಬುದನ್ನೂ ತೆಗೆದಳು. ಕೊನೆಗೆ ನನ್ನ ಪ್ರಬಂಧದಲ್ಲಿ ಒಂದು ಸೂರ್ಯಾಸ್ತ ಉಳಿಯಿತು. ಅದನ್ನು ನಾನು ಬರೆದೇ ಇರಲಿಲ್ಲ.

ಮ್ಯಾಟಿನ ವಿಷಯ ಮಾತ್ರ ಅವಳಿಗೆ ಭಾರೀ ಹಿಡಿಸಿತು. "ಅಂಥದ್ದು ಒಂದು ಈಗ ಎಲ್ಲಿ ಸಿಗಬಹುದು?" ಎಂದಳು. ನಮ್ಮ ಬಾಗಿಲಲ್ಲಿ ಎಂದೆ. ಆ ಸಂಜೆಯೇ ಮನೆಗೆ ಬಂದಳು. ಜುಬೈದ ಅದೇ ದಿನ ಮ್ಯಾಟನ್ನು ಸೋಪು ಹಾಕಿ ಉಜ್ಜಿ ಒಣಹಾಕಿದ್ದಳು. ರೀಮ್ ಎದೆಗೆ ಕೈ ಇಟ್ಟುಕೊಂಡು, "ತೊಳೆದುಬಿಟ್ಟಿರಾ!" ಎಂದು ಕೂಗಿದಳು. ಬದುಕಿನಲ್ಲಿ ಮೊದಲ ಬಾರಿಗೆ ಶುಚಿತ್ವಕ್ಕಾಗಿ ಬೈಸಿಕೊಂಡ ಜುಬೈದ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಳು.

ಇದೇ ಹೊತ್ತಿಗೆ ಸರಿಯಾಗಿ ಮೋನಾಕರ ಫೋನು ಬಂತು. ಕೆಲಸ ಮುಗಿಯಿತು, ಫೈನಲ್ ಎಕ್ಸಿಟ್ ಆಗಿದೆ, ಇನ್ನು ಮರಳಿ ಬರುವ ಹಾಗಿಲ್ಲ, ಊರಿಗೆ ಹೊರಟೆ ಎಂದರು. ನಾನು ಸಮಾಧಾನದ ಮಾತು ಹುಡುಕುತ್ತಿದ್ದರೆ ಅವರೇ ತಡೆದರು.

"ಅದು ಬಿಡು ಹಮೀದ್. ನಿನ್ನಲ್ಲಿ ಹುಲ್ಲಿನ ಮೈದಾನ ಉಂಟಲ್ಲ, ಹೋಗುವ ಮೊದ್ಲು ನಂಗೆ ಅಲ್ಲಿ ಒಂದು ಫೋಟೋ ತೆಗೀಬೇಕು. ಕೋಲು ಹಿಡ್ಕೊಂಡು."

"ಎಂತಕ್ಕೆ ಮೋನಾಕ?"

ಆಗ ವಿಷಯ ಹೊರಗೆ ಬಂತು. ಪ್ರತಿ ರಜೆಯಲ್ಲೂ ಅವರು ಊರಿನಲ್ಲಿ ಗಾಲ್ಫ್ ಮೈದಾನ ತಮ್ಮ ಕೈಯಲ್ಲಿ ನಡೆಯುತ್ತದೆ ಎಂದು ಕೊಚ್ಚಿಕೊಂಡಿದ್ದರು. ಸಾಕ್ಷಿಗೆ ತೋರಿಸಿದ ಫೋಟೋದಲ್ಲಿ ಮರಳು, ಮರಳಿನ ನಡುವೆ ಹಲಗೆ ಹಿಡಿದ ಮೋನಾಕ. ಊರಿನವರು ನೋಡಿ, ಇದು ಒಂಟೆ ಮೇಯಿಸುವ ಜಾಗ ಎಂದು ತೀರ್ಮಾನ ಮಾಡಿದ್ದರು. ಹೆಂಡತಿ ಕೂಡ ಒಳಗೊಳಗೇ ಹಾಗೆಯೇ ನಂಬಿದ್ದಳಂತೆ, ಮರ್ಯಾದೆಗೆ ಹೇಳಿರಲಿಲ್ಲ ಅಷ್ಟೆ. ಕಳೆದ ರಜೆಯಲ್ಲಿ ಮೊಮ್ಮಗಳು ಫಿದಾ ಮೊಬೈಲಿನಲ್ಲಿ ಗಾಲ್ಫ್ ಆಟ ತೆಗೆದು ಎದುರು ಹಿಡಿದು, "ಅಜ್ಜ, ಗಾಲ್ಫ್ ಅಂದ್ರೆ ಹೀಗೆ ಹಸಿರು ಇರ್ತದೆ. ನೀವು ಅಲ್ಲಿ ಬೇರೆ ಎಂತದೋ ಕೆಲಸ ಮಾಡುದು" ಎಂದಳಂತೆ.

"ಅವಳು ನಗಾಡ್ಲಿಲ್ಲ ಹಮೀದ್. ಪಾಪ ಅಂತ ನೋಡಿದ್ಳು. ಅದೇ ನಂಗೆ ತಡೀಲಿಕ್ಕೆ ಆಗ್ಲಿಲ್ಲ. ಇನ್ನು ರಜೆಗೆ ಹೋಗಿ ವಾಪಸು ಬರುದು ಅಂತ ಇಲ್ಲ. ಆ ಫೋಟೋ ಇಲ್ಲದಿದ್ರೆ ನಾನು ಇಷ್ಟು ಕಾಲ ಒಂಟೆ ಮೇಯಿಸಿದ್ದು ಅಂತಲೇ ಆಗ್ತದೆ. ಸತ್ತ ಮೇಲೂ ಹಾಗೇ ಹೇಳ್ತಾರೆ."

ನಾನು ಬನ್ನಿ ಎಂದೆ. ಬನ್ನಿ ಎನ್ನುವುದಕ್ಕೇನು, ನಾಲಿಗೆಗೆ ಎಲುಬಿಲ್ಲ.

ಮೈದಾನದ ಒಳಗೆ ಹೊರಗಿನವರು ಬರಬೇಕಾದರೆ ಗೇಟಿನ ಕಂಪ್ಯೂಟರಿನಲ್ಲಿ ಹೆಸರಿರಬೇಕು. ಹೆಸರು ಹಾಕಬೇಕಾದರೆ ಸುರಕ್ಷತೆಯ ಪಾಠಕ್ಕೆ ಕೂರಬೇಕು. ಪಾಠಕ್ಕೆ ಕೂರಲು ಒಳಗೆ ಬರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಅದರ ಮೇಲೆ ಎಕ್ಸಿಟ್ ಹೊಡೆದ ಇಕಾಮಾವನ್ನು, ಅಂದರೆ ವಾಸದ ಪರವಾನಗಿಯನ್ನು, ಕಂಪ್ಯೂಟರು ಮೂಸಿಯೂ ನೋಡುವುದಿಲ್ಲ. ಕಾಲರ್ ಇರುವ ಅಂಗಿ ಬೇಕು, ಚಪ್ಪಲಿ ಆಗುವುದಿಲ್ಲ, ಜೀನ್ಸ್ ಆಗುವುದಿಲ್ಲ. ಆಡಲು ಬರುತ್ತದೆ ಎಂಬುದಕ್ಕೆ ಯಾವುದೋ ಕ್ಲಬ್ಬಿನ ಪ್ರಮಾಣಪತ್ರ ಬೇರೆ. ಬ್ರೌನುಗಳಿಗೆ ಎಣ್ಣೆ ಹಾಕಿಯೇ ಮುದುಕನಾದ ಮನುಷ್ಯನಿಗೆ ಆಡಲು ಬರುತ್ತದೆಯೇ ಎಂದು ಕೇಳಿದ ಗುಮಾಸ್ತನ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಮೋನಾಕರಿಗೆ ನಿಜವಾಗಿಯೂ ಆಡಲು ಬರುವುದಿಲ್ಲ ಎಂಬುದೇ ನನಗೆ ಮರೆತುಹೋಯಿತು.

ಕೊನೆಗೆ ರೀಮ್ ಬಳಿ ಹೋದೆ. ಅವಳು ಒಂದೇ ನಿಮಿಷದಲ್ಲಿ ದಾರಿ ಕಂಡುಕೊಂಡಳು. ಮೋನಾಕರು ಪರಂಪರೆಯ ಅತಿಥಿ. ಆ ಹೆಸರಿಗೆ ಕಂಪ್ಯೂಟರಿನಲ್ಲಿ ಬೇರೆಯೇ ಬಾಗಿಲಿದೆಯಂತೆ. ಬದಲಿಗೆ ಮ್ಯಾಟ್ ಗೋಡೆಗೆ ಹೋಗಬೇಕು. ನಾನು ಆಗಲಿ ಎಂದೆ. ಗಾಜಿನ ಪೆಟ್ಟಿಗೆಗೆ ಆಗಲೇ ಅಳತೆ ಕೊಟ್ಟಾಗಿತ್ತು.

ಮೋನಾಕ ವಿಮಾನದಲ್ಲಿ ತಬೂಕಿಗೆ ಬಂದು, ಅಲ್ಲಿಂದ ನನ್ನ ಕಾರಿನಲ್ಲಿ ದಾರಿಯುದ್ದಕ್ಕೂ ಗೊರಕೆ ಹೊಡೆದು, ಮನೆಯ ಬಾಗಿಲಲ್ಲಿ ಎಚ್ಚರಾದರು. ತಮ್ಮ ಮ್ಯಾಟ್ ಕಾಲಡಿಯಲ್ಲಿ ಬಿದ್ದದ್ದನ್ನು ನೋಡಿದರು. ಅದರ ಮೇಲೆ ಕಾಲಿಡದೆ, ಮಲಗಿದ ಮಗುವನ್ನು ದಾಟುವ ಹಾಗೆ ಪಕ್ಕದಿಂದ ಒಳಗೆ ಬಂದರು. ಜುಬೈದಳ ಮುಖ ಸಣ್ಣದಾಯಿತು. ಸಿಟ್ಟು ಮಾತ್ರ ನನ್ನ ಮೇಲೆ.

ಮರುದಿನ ಜುಮಾ ನಮಾಝ್ ಮುಗಿಸಿ ಹೊರಟೆವು. ನನ್ನದೇ ಕಾಲರ್ ಅಂಗಿ, ನನ್ನದೇ ಬೂಟು. ಬೂಟು ಅವರಿಗೆ ದೊಡ್ಡದು, ಹೆಜ್ಜೆಗೊಮ್ಮೆ ಪಟಪಟ ಎನ್ನುತ್ತಿತ್ತು. ಹೊರಡುವಾಗ ಅವರೇ ಬಗ್ಗಿ ಮ್ಯಾಟನ್ನು ಎತ್ತಿ, ಕೊಡವಿ, ಸುರುಳಿ ಮಾಡಿ ಕಂಕುಳಲ್ಲಿಟ್ಟುಕೊಂಡರು. ಹೇಗೂ ರೀಮ್‌ಗೆ ಕೊಡುವುದಿತ್ತಲ್ಲ ಎಂದು ನಾನೂ ಸುಮ್ಮನಿದ್ದೆ. ಗೇಟಿನ ನೇಪಾಳಿ ಕಾವಲುಗಾರ ಹಿಂದಿಯಲ್ಲಿ, ಈ ಕಾಲೊರಸು ಯಾಕೆ ಎಂದು ಕೇಳಿದ. "ಮ್ಯಾಟ್ ಇಲ್ಲದೆ ಗಾಲ್ಫ್ ಹೇಗೆ ಆಡುದು?" ಎಂದು ಮೋನಾಕ ಅವನನ್ನೇ ಕೇಳಿದರು.

ಮೈದಾನ ಕಂಡಾಗ ಅವರ ಬಾಯಿ ಮೊದಲ ಬಾರಿಗೆ ಮುಚ್ಚಿತು. ಒಂದು ಕಡೆ ಬೋಳು ಬೆಟ್ಟ, ಇನ್ನೊಂದು ಕಡೆ ನೀಲಿ ಸಮುದ್ರ, ನಡುವೆ ಇಷ್ಟುದ್ದ ಹಸಿರು. ಎಷ್ಟು ರೇಗಾಡಿದರೂ ಇದು ಚೆಂದವಿಲ್ಲ ಎಂದು ಹೇಳಲು ನನಗೂ ಬಾಯಿ ಬರುವುದಿಲ್ಲ. ಮೋನಾಕ ಹುಲ್ಲಿನ ಅಂಚಿಗೆ ಹೋಗಿ ನಿಂತರು. ಆಮೇಲೆ ಬೂಟು ಕಳಚಿ, ಜೋಡಿಸಿಟ್ಟು, ಬಲಗಾಲು ಮುಂದಿಟ್ಟು ಒಳಗೆ ಹೋದರು.

"ಮೋನಾಕ, ಬೂಟು ಹಾಕ್ಬೇಕು. ಇದು ಮಸೀದಿ ಅಲ್ಲ."

"ಇಷ್ಟು ಒಳ್ಳೆ ಜಾಗಕ್ಕೆ ಬೂಟು ಹಾಕಿ ಹೋಗ್ಲಿಕ್ಕೆ ನಿಂಗೆ ಹೇಗೆ ಮನಸ್ಸು ಬರ್ತದೆ?"

ರೀಮ್ ಕ್ಯಾಮೆರಾ ಹಿಡಿದು ಕಾದಿದ್ದಳು. ಕೈಗೊಂದು ಕೋಲು ಕೊಟ್ಟು, ಹೀಗೆ ನಿಲ್ಲಿ, ಹಾಗೆ ನೋಡಿ, ನಗಿ ಎಂದು ಹೇಳಿ ಸಮುದ್ರ ಹಿಂದೆ ಬರುವ ಹಾಗೆ ಫೋಟೋ ತೆಗೆದಳು. ಕೆಲಸ ಆಯಿತು, ಯಲ್ಲಾ ಹೊರಡುವ ಎಂದು ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಸ್ವಲ್ಪ ದೂರದಲ್ಲಿ ಅತಿಥಿಯೊಬ್ಬ ಕೋಲು ಬೀಸಿದ. ಚೆಂಡು ಹಾರಿತು. ಜೊತೆಗೆ ಅಂಗೈಯಗಲದ ಹುಲ್ಲಿನ ತುಂಡು ಬೇರು ಸಮೇತ ಎದ್ದು ಹಾರಿತು.

"ಯಾ ರಬ್ಬೇ! ಹುಲ್ಲು ಕಿತ್ತು ಹೋಯ್ತು!" ಮೋನಾಕರ ಕೂಗಿಗೆ ಆ ಅತಿಥಿ ತಿರುಗಿ ನೋಡಿದ. "ನೀನು ಎಂತ ನೋಡ್ತಾ ನಿಂತದ್ದು? ಹೋಗಿ ಹೇಳು ಅವನಿಗೆ!"

"ಹೇಳುದು ಎಂತ ಮೋನಾಕ, ಆಟವೇ ಹಾಗೆ. ಕಿತ್ತು ಹೋಗ್ತದೆ. ಆಮೇಲೆ ನಾವು ಮಣ್ಣು ಹಾಕ್ತೇವೆ."

"ನೀರು ಕುಡಿಸಿ ಬೆಳೆಸುದು, ಹೊಡೆದು ಕೀಳುದು?"

"ಹೌದು."

"ಮ್ಯಾಟ್ ಹಾಕುದಿಲ್ವಾ?"

"ಇಲ್ಲ."

ಅವರು ನನ್ನನ್ನು ನೋಡಿದ ರೀತಿಯನ್ನು ಏನು ಹೇಳಲಿ! ಅವರು ಕಂಕುಳಿನ ಸುರುಳಿ ಬಿಚ್ಚಿ, ತಜ್ಞರು ವಿಮಾನದಲ್ಲಿ ಬಂದು ನೋಡುವ ಹುಲ್ಲಿನ ಮೇಲೆ ನಮ್ಮ ಮನೆಯ ಕಾಲೊರಸನ್ನು ಹಾಸಿ, ಚೆಂಡನ್ನು ಬೋಳು ಜಾಗದಲ್ಲಿ ಕೂರಿಸಿದರು. ರೀಮ್ ಸಂತೋಷದಿಂದ ಕ್ಲಿಕ್ಕಿಸತೊಡಗಿದಳು. ಮೈದಾನದ ಮ್ಯಾನೇಜರು ಪುಟ್ಟ ಗಾಡಿಯಲ್ಲಿ ನಮ್ಮ ಕಡೆಗೇ ಬರುವುದು ಕಂಡು ನನಗೆ ಬೆವರು ಬಂತು. ಮೋನಾಕ ಬೀಸಿದರು. ಕೊತ್ತಳಿಗೆ ಬ್ಯಾಟಿನಲ್ಲಿ ಸಿಕ್ಸರ್ ಹೊಡೆಯುವ ಪೆಟ್ಟು ಅದು, ಗಾಲ್ಫಿನದ್ದಲ್ಲ. ಚೆಂಡು ಸಮುದ್ರದ ಕಡೆ ಹೋಗದೆ ಬಲಕ್ಕೆ ತಿರುಗಿ, ಗಡಿಯ ಬಿಳಿ ಗೂಟಗಳನ್ನು ದಾಟಿ, ಹುಲ್ಲು ಮುಗಿದು ಮರುಭೂಮಿ ಶುರುವಾಗುವಲ್ಲಿ ಮರಳಿಗೆ ಬಿತ್ತು. ಮೋನಾಕ ಮ್ಯಾಟ್ ಎತ್ತಿಕೊಂಡು ಚೆಂಡಿನ ಹಿಂದೆ ಹೊರಟರು. ಬೂಟು ಎತ್ತಿಕೊಂಡು ನಾನು ಅವರ ಹಿಂದೆ.

ಮರಳಿಗೆ ಕಾಲಿಟ್ಟ ಮೇಲೆ ಅವರ ನಡಿಗೆಯೇ ಬದಲಾಯಿತು. ರೀಮ್ ಓಡಿಬಂದು ಹುಲ್ಲಿನ ಮೇಲಿನ ಫೋಟೋ ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ಇದು ಯಾರು? ಯಾರದ್ದೋ ಮದುವೆಗೆ ಅಂಗಿ ಸಾಲ ತೆಗೊಂಡು ಹೋದವನ ಹಾಗೆ ಕಾಣ್ತಾನೆ."

"ನೀವೇ ಮೋನಾಕ. ಫಿದಾಗೆ ತೋರಿಸ್ಲಿಕ್ಕೆ ಅಂತ ನೀವೇ ಕೇಳಿದ್ದು."

"ಬೇಡ. ಇಲ್ಲಿ ತೆಗೀಲಿಕ್ಕೆ ಹೇಳು."

ಅವರು ಮರಳಿನ ಮೇಲೆ ಮ್ಯಾಟ್ ಹಾಸಿ, ಬರಿಗಾಲಲ್ಲಿ ಅದರ ಹಿಂದೆ ನಿಂತರು. ಹಿಂದೆ ಬರೀ ಮರಳು, ಒಂದೆರಡು ಮುಳ್ಳುಕಂಟಿ. ಒಂಟೆ ಮೇಯಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನನಗೆ ತಡೆಯಲಾಗಲಿಲ್ಲ.

"ಮೋನಾಕ, ಈ ಮರಳು ದಹ್ರಾನಿನಲ್ಲಿ ಇರ್ಲಿಲ್ವಾ? ಇದಕ್ಕೆ ವಿಮಾನ ಹತ್ತಿ ಬಂದದ್ದಾ ನೀವು? ಯಾರ್‍ಯಾರ ಕಾಲು ಹಿಡಿದಿದ್ದೇನೆ ಗೊತ್ತುಂಟಾ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಲ್ಲ!"

"ಬೈ, ಬೈ" ಎಂದರು ಶಾಂತವಾಗಿ. "ಅಲ್ಲಿ ಇರುವಷ್ಟು ದಿನ ನಂಗೂ ಒಳಗೆ ಹಾಗೇ ಇತ್ತು ಹಮೀದ್. ಹುಲ್ಲಿನದ್ದು ನಿಜವಾದ ಗಾಲ್ಫ್, ನಮ್ಮದು ಎಂತದೋ ಒಂದು ಅಂತ. ಅದಕ್ಕೇ ಕೊಚ್ಚಿಕೊಂಡದ್ದು. ಈಗ ನೋಡಿ ಆಯ್ತಲ್ಲ. ನಂದೂ ಗಾಲ್ಫೇ. ಫಿದಾ ನಂಬಿದ್ರೆ ನಂಬ್ಲಿ, ಇಲ್ಲದಿದ್ರೆ ಇಲ್ಲ."

ಫೋಟೋ ಆಯಿತು. ಅವರು ಮ್ಯಾಟಿನ ಅಂಚನ್ನು ಹಿಡಿದು ಮರಳಿನ ಮೇಲೆ ಎಳೆಯುತ್ತ, ತಮ್ಮ ಹೆಜ್ಜೆ, ನನ್ನ ಹೆಜ್ಜೆ, ರೀಮಳ ಹೆಜ್ಜೆ, ಎಲ್ಲವನ್ನೂ ಅಳಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆದು ಹುಲ್ಲಿನ ಅಂಚು ಮುಟ್ಟಿದರು. ಮ್ಯಾನೇಜರು ಗಾಡಿಯಲ್ಲಿ ಕೂತೇ ಇದನ್ನು ನೋಡಿ, ಗಾಡಿ ತಿರುಗಿಸಿಕೊಂಡು ಹೋದ. ಮೋನಾಕ ಮ್ಯಾಟನ್ನು ಸುರುಳಿ ಮಾಡಿದರು. ರೀಮ್ ಎರಡೂ ಕೈ ಮುಂದೆ ಚಾಚಿದಳು. ಮೋನಾಕ ಅವಳಿಗೆ ಸಲಾಂ ಹೇಳಿ ಸುರುಳಿಯನ್ನು ತಮ್ಮ ಕಂಕುಳಲ್ಲೇ ಇಟ್ಟುಕೊಂಡರು.

"ಕೊಟ್ಟದ್ದನ್ನು ವಾಪಸು ತೆಗೊಳ್ಳುದು ಸರಿಯಲ್ಲ ಅಂತ ಗೊತ್ತುಂಟು" ಎಂದರು ನನಗೆ. "ಆದ್ರೆ ನಿಮ್ಮ ಮನೆಯಲ್ಲಿ ಇದಕ್ಕೆ ಎಂತ ಮರ್ಯಾದೆ ಅಂತ ನೋಡಿದ್ದೇನೆ."

ಅವರು ಹೋದರು, ಮ್ಯಾಟ್ ಹೋಯಿತು. ಗೋಡೆಯ ಮೇಲೆ ಗಾಜಿನ ಪೆಟ್ಟಿಗೆ ಖಾಲಿ ಕೂತಿತು. ರೀಮ್ ಎರಡು ದಿನ ಬೇಸರದಲ್ಲಿದ್ದು, ಮೂರನೆಯ ದಿನ ನಗುತ್ತ ಬಂದಳು. ಸ್ಟೋರಿನಲ್ಲಿ ಪ್ಲಾಸ್ಟಿಕ್ ಹುಲ್ಲಿನ ಸುರುಳಿ ಇದೆಯಲ್ಲ, ಒಂದು ತುಂಡು ಕತ್ತರಿಸಿ, ನಿಮ್ಮ ಮನೆಯ ಬಾಗಿಲಲ್ಲಿ ಹಾಕಿ, ಹಳತಾದ ಮೇಲೆ ಪೆಟ್ಟಿಗೆಯಲ್ಲಿಡುವ, ಆ ಹಿಂದಿನದ್ದನ್ನು ನಿಮ್ಮ ಹೆಂಡತಿ ಎಷ್ಟು ಚೆನ್ನಾಗಿ ಹಳತು ಮಾಡಿದ್ದರು ಎಂದಳು. ಹೀಗೆ ನಮ್ಮ ಬಾಗಿಲಿಗೆ ಚರಿತ್ರೆ ಬಂತು.

ನಿನ್ನೆ ಮೋನಾಕರ ವಿಡಿಯೋ ಕರೆ ಬಂತು. ಅವರ ಮುಖ ಅರ್ಧ, ಉಳಿದರ್ಧ ಉಳ್ಳಾಲದ ಅವರ ಅಂಗಳ. ಅಂಗಳದ ನಡುವೆ ಕಪ್ಪಗೆ ಹೊಳೆಯುವ ಮರಳಿನ ಒಂದು ವೃತ್ತ. ಕಡಲಿನಿಂದ ಮರಳು ಹೊತ್ತು ತಂದು, ಗ್ಯಾರೇಜಿನ ಹಳೆ ಎಣ್ಣೆ ಕಲಸಿ ಮಾಡಿದ್ದಂತೆ. ನಡುವೆ ಹಾಲಿನ ಪುಡಿಯ ಡಬ್ಬಿ ಹೂತು ಕುಳಿ ಮಾಡಿದ್ದಾರೆ. ಒಳಗಿನಿಂದ ಅವರ ಹೆಂಡತಿ, ಎಣ್ಣೆ ವಾಸನೆಗೆ ತಲೆ ಸಿಡಿಯುತ್ತದೆ, ಇದನ್ನು ಸೌದಿಯಲ್ಲೇ ಬಿಟ್ಟು ಬರಬಾರದಿತ್ತಾ ಎಂದು ಕೂಗುವುದು ಕೇಳುತ್ತಿತ್ತು. ನಾನು ಪೂರ್ತಿ ಅವರ ಹೆಂಡತಿಯದ್ದೇ ಪಕ್ಷ.

"ಮೋನಾಕ, ಜೂನ್ ಬರ್ಲಿ. ಒಂದೇ ಮಳೆಗೆ ಎಲ್ಲ ಕೊಚ್ಚಿ ಹೋಗ್ತದೆ."

"ಹೋಗ್ಲಿ. ಪುನಃ ಮಾಡುವ."

ಮ್ಯಾಟ್ ಅಂಗಳದ ಅಂಚಿನಲ್ಲಿತ್ತು. ಅದರ ಮೇಲೆ ಚೆಂಡಿಟ್ಟು ಒಂದು ಹುಡುಗಿ ಕೊಡೆಯ ಕೋಲಿನಿಂದ ಹೊಡೆದಳು. ಫಿದಾ ಅವಳೇ ಇರಬೇಕು. ಅವಳ ಹಿಂದೆ ನೆರೆಮನೆಯ ಮಕ್ಕಳು ತಮ್ಮ ಸರದಿಗೆ ಜಗಳವಾಡುತ್ತ ನಿಂತಿದ್ದರು. ಚೆಂಡು ಡಬ್ಬಿಗೆ ಬಿತ್ತು. ಫಿದಾ ಅದನ್ನು ಎತ್ತಿಕೊಂಡಳು. ಆಮೇಲೆ, ಯಾರೂ ಹೇಳದೆ, ಗೋಡೆಗೆ ಒರಗಿಸಿದ್ದ ಹಲಗೆಯನ್ನು ಎಳೆದು, ತನ್ನ ಹೆಜ್ಜೆಗುರುತು ಅಳಿಸಿ ಹೊರಗೆ ಬಂದಳು.

ನಾನು ಫೋನನ್ನು ಹತ್ತಿರ ಹಿಡಿದು ಜೋರಾಗಿ ಕೇಳಿದೆ, "ಅಂತೂ ನಂಬಿದ್ಳಾ ನಿಮ್ಮ ಫಿದಾ?"

"ಇನ್ನು ನಂಬುದು ಎಂತ ಮಾರಾಯ" ಎಂದರು ಮೋನಾಕ. "ಆಡ್ತಾ ಇದ್ದಾಳೆ."

ಫೋನಿಟ್ಟು ಎದ್ದೆ. ಕೂತಿದ್ದ ಜಾಗವನ್ನು ಕೈ ತಾನಾಗಿ ಸವರಿತು. ಆಮೇಲೆ ಹೊರಗೆ ಹೋಗಿ, ಬೂಟು ಹಾಕಿಕೊಂಡು, ಆ ಹೊಸ ಮ್ಯಾಟಿನ ಮೇಲೆ ನಿಂತು ಸಿಟ್ಟು ತೀರುವಷ್ಟು ಹೊತ್ತು ಕಾಲು ತಿಕ್ಕಿದೆ.